ಸೆಟ್‌ಟಾಪ್ ಬಾಕ್ಸ್‌ನಲ್ಲಿ 4ಕೆ ಆಯ್ಕೆ ಮಾಡಿದರೆ ಎಚ್‌ಡಿ ಚಾನೆಲ್ 4ಕೆ ಆಗುತ್ತದೆಯೇ?

ಇಲ್ಲ. ಎಚ್‌ಡಿ ಚಿತ್ರದಲ್ಲಿ ಹೆಚ್ಚೆಂದರೆ 1920×1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. 4ಕೆ ಟಿವಿಯ ಪರದೆಯಲ್ಲಿರುವುದು 3840×2160, ಸುಮಾರು 83 ಲಕ್ಷ. ಕೊರತೆ ಬೀಳುವ ಮುಕ್ಕಾಲು ಪಾಲನ್ನು ಒಂದು ಚಿಪ್ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಅಂದಾಜಿನಿಂದ ತುಂಬುತ್ತದೆ. ಇದೇ ಅಪ್‌ಸ್ಕೇಲಿಂಗ್.

ಈ ಕೆಲಸವನ್ನು ಬಾಕ್ಸ್ ಮಾಡಬಹುದು, ಹೋಮ್ ಥಿಯೇಟರ್ ರಿಸೀವರ್ ಮಾಡಬಹುದು, ಟಿವಿಯೂ ಮಾಡಬಹುದು. ಆದರೆ ಯಾವುದಾದರೂ ಒಂದೇ ಮಾಡಲಿ. ಬಾಕ್ಸ್ ಚೂಪುಗೊಳಿಸಿದ ಚಿತ್ರವನ್ನು ಟಿವಿ ಮತ್ತೆ ಚೂಪುಗೊಳಿಸಿದರೆ ಅಕ್ಷರಗಳ ಸುತ್ತ ಬಿಳಿ ಅಂಚು ಮೂಡುತ್ತದೆ. ಎರಡೂ ಕಡೆ 'ನಾಯ್ಸ್ ರಿಡಕ್ಷನ್' ಆನ್ ಇದ್ದರೆ ಮುಖಗಳು ಮೇಣದ ಗೊಂಬೆಯಂತೆ ಕಾಣುತ್ತವೆ.

ಯಾವುದು ಉತ್ತಮ ಎಂದು ನೀವೇ ನೋಡಬಹುದು. ಕ್ರಿಕೆಟ್ ಪಂದ್ಯ ಹಾಕಿ, ಬಾಕ್ಸ್‌ನ ಔಟ್‌ಪುಟ್ ಅನ್ನು ಒಮ್ಮೆ 1080ಕ್ಕೆ, ಒಮ್ಮೆ 4ಕೆಗೆ ಬದಲಿಸಿ. ಸ್ಕೋರ್‌ನ ಅಂಕಿಗಳು, ಓಡುವ ಚೆಂಡು ಎಲ್ಲಿ ಸ್ಪಷ್ಟವೋ ಅದನ್ನೇ ಇಟ್ಟುಕೊಳ್ಳಿ. ನಡುವೆ ರಿಸೀವರ್ ಇದ್ದರೆ ಅದರ ಅಪ್‌ಸ್ಕೇಲಿಂಗ್ ಆಫ್ ಮಾಡಿ. ಗೇಮ್ ಆಡುವಾಗ ಟಿವಿಯ 'ಗೇಮ್ ಮೋಡ್' ಬಳಸಿ. ಹೆಚ್ಚುವರಿ ಸಂಸ್ಕರಣೆಯಿಂದ ಆಗುವ ವಿಳಂಬ ತಗ್ಗುತ್ತದೆ.

ಮೂಲ ವಿಡಿಯೋವೇ 4ಕೆ ಆಗಿದ್ದರೆ ಮಾತ್ರ 4ಕೆ ಬಾಕ್ಸ್‌ನ ಪೂರ್ಣ ಪ್ರಯೋಜನ. ಹೊಸ ಬಾಕ್ಸ್‌ಗೆ ಹಣ ಕೊಡುವ ಮುನ್ನ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೋಡುವ ಚಾನೆಲ್ ಯಾವುದರಲ್ಲಿ ಬರುತ್ತಿದೆ?