ಹಂಗುಲ್ ಕಲಿಕೆಗೆ ಕನ್ನಡ ವರ್ಣಮಾಲೆಯ ದಾರಿ

ಪರದೇಶದ ಲಿಪಿಯೊಂದನ್ನು ಕಲಿಯಲು ಹೊರಟ ಕನ್ನಡಿಗನು ಇಂದು ಬಹುಮಟ್ಟಿಗೆ ಇಂಗ್ಲಿಷಿನ ಬಾಗಿಲಿನಿಂದಲೇ ಒಳಹೋಗುತ್ತಾನೆ. ಫ್ರೆಂಚ್ ಅಥವಾ ಜರ್ಮನ್ ಕಲಿಯುವವನಿಗೆ ಇದು ತಕ್ಕಮಟ್ಟಿಗೆ ಸಲ್ಲಬಹುದು. ಕೊರಿಯಾದ ಹಂಗುಲ್ ಲಿಪಿಯ ವಿಷಯದಲ್ಲಿ ಮಾತ್ರ ಇದು ಹತ್ತಿರದ ದಾರಿಯನ್ನು ಬಿಟ್ಟು ಸುತ್ತುದಾರಿ ಹಿಡಿದಂತೆ. ಧ್ವನಿಯನ್ನು ಹುಟ್ಟುವ ಸ್ಥಾನದಿಂದ ವರ್ಗೀಕರಿಸುವ ಕ್ರಮವನ್ನು ಬಾಲ್ಯದಲ್ಲೇ ಬಾಯಿಪಾಠ ಮಾಡಿದವನಿಗೆ, ಅದೇ ಕ್ರಮದ ಮೇಲೆ ನಿಂತ ಇನ್ನೊಂದು ಲಿಪಿಯನ್ನು ಕಲಿಯಲು ರೋಮನ್ ಅಕ್ಷರಗಳ ಮಧ್ಯಸ್ಥಿಕೆ ಬೇಕಿಲ್ಲ.

ಯಾದಗಿರಿಗೆ ಸಮೀಪದ ಮುದನಾಳದಂಥ ಗ್ರಾಮಗಳಿಗೂ ಇಂದು ಮೊಬೈಲಿನ ಮೂಲಕ ಕೊರಿಯಾದ ಹಾಡುಗಳೂ ಧಾರಾವಾಹಿಗಳೂ ತಲುಪುತ್ತವೆ. ಕನ್ನಡದ ಜೊತೆಗೆ ತೆಲುಗು, ದಖನಿ ಉರ್ದು, ಲಂಬಾಣಿ ನುಡಿಗಳು ಕಿವಿಗೆ ಬೀಳುವ ಸೀಮೆಯಿದು. ಇಲ್ಲಿ ಬೆಳೆದ ಹುಡುಗಿಯೊಬ್ಬಳು ಕುತೂಹಲದಿಂದ ಹಂಗುಲ್ ಕಲಿಯಲು ತೊಡಗಿದರೆ ಅವಳಿಗೆ ಮೊದಲು ಸಿಗುವುದು ರೋಮನ್ ಪಟ್ಟಿ. ಮೊದಲನೆಯ ವ್ಯಂಜನದ ಎದುರು ‘ಜಿ’ ಎಂದೂ ‘ಕೆ’ ಎಂದೂ ಎರಡು ಅಕ್ಷರಗಳಿರುತ್ತವೆ. ಯಾವುದು ಸರಿ, ಯಾವಾಗ ಸರಿ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಕೊರಿಯಾದ ಬಂದರು ನಗರವೊಂದು ಹಳೆಯ ನಕಾಶೆಗಳಲ್ಲಿ ‘ಪೂಸಾನ್’ ಆಗಿತ್ತು. 2000ರಲ್ಲಿ ದಕ್ಷಿಣ ಕೊರಿಯಾ ಸರಕಾರವು ರೋಮನ್ ಬರಹದ ನಿಯಮಗಳನ್ನು ಬದಲಿಸಿದ ಬಳಿಕ ಅದು ‘ಬೂಸಾನ್’ ಆಯಿತು. ಊರಿನವರ ಉಚ್ಚಾರ ಎಳ್ಳಷ್ಟೂ ಬದಲಾಗಲಿಲ್ಲ. ಬದಲಾದುದು ಪರಲಿಪಿಯ ವೇಷ ಮಾತ್ರ.

ಹಂಗುಲಿನ ಹುಟ್ಟು ಚರಿತ್ರೆಯಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಜೋಸನ್ ವಂಶದ ಅರಸ ಸೆಜೊಂಗನು 1443ರ ಕೊನೆಯ ಹೊತ್ತಿಗೆ ಇದನ್ನು ರೂಪಿಸಿ 1446ರಲ್ಲಿ ಪ್ರಕಟಪಡಿಸಿದನು. ಅಲ್ಲಿಯವರೆಗೆ ಕೊರಿಯಾದ ವಿದ್ವತ್ತೆಲ್ಲವೂ ಚೀನೀ ಲಿಪಿಯಲ್ಲಿತ್ತು. ಅದನ್ನು ಕಲಿಯಲು ವರ್ಷಗಟ್ಟಲೆ ಬಿಡುವು ಬೇಕಾಗಿದ್ದುದರಿಂದ ಜನಸಾಮಾನ್ಯರಿಗೆ ಓದುಬರಹ ದಕ್ಕಿರಲಿಲ್ಲ. ಹೊಸ ಲಿಪಿಯಲ್ಲಿದ್ದುದು 28 ಅಕ್ಷರಗಳು, 17 ವ್ಯಂಜನ ಮತ್ತು 11 ಸ್ವರ. ಚುರುಕಾದವನು ಒಂದು ಬೆಳಗಿನಲ್ಲೂ ಮಂದನಾದವನು ಹತ್ತು ದಿನಗಳಲ್ಲೂ ಇದನ್ನು ಕಲಿಯಬಲ್ಲನೆಂದು ಆಸ್ಥಾನದ ವಿದ್ವಾಂಸ ಜೊಂಗ್ ಇನ್‌ಜಿ ಬರೆದಿದ್ದಾನೆ. ಚೋ ಮಲ್ಲಿ ಮೊದಲಾದ ಪಂಡಿತರು 1444ರಲ್ಲೇ ಇದನ್ನು ವಿರೋಧಿಸಿ ಅರಸನಿಗೆ ಮನವಿ ಸಲ್ಲಿಸಿದ್ದರು. ಚೀನೀ ಲಿಪಿಯನ್ನು ಬಿಟ್ಟರೆ ನಾಗರಿಕತೆಯನ್ನೇ ಬಿಟ್ಟಂತೆ ಎಂಬುದು ಅವರ ವಾದ.

ಅಕ್ಷರಗಳ ಆಕಾರಕ್ಕೆ ಆಧಾರವೇನೆಂಬುದು ಬಹುಕಾಲ ಊಹೆಯ ವಿಷಯವಾಗಿತ್ತು. ಕೊರಿಯಾದ ಮನೆಗಳ ಕಿಟಕಿಯ ಜಾಲರಿಯನ್ನು ನೋಡಿ ಮಾಡಿದ್ದೆಂದು ಹೇಳಿದವರೂ ಇದ್ದರು. 1940ರಲ್ಲಿ ಆಂಡೊಂಗ್ ಪ್ರದೇಶದಲ್ಲಿ ದೊರೆತ 1446ರ ವಿವರಣಗ್ರಂಥವು ಈ ಊಹೆಗಳಿಗೆ ತೆರೆಯೆಳೆಯಿತು. ಅದರ ಪ್ರಕಾರ ಐದು ಮೂಲ ವ್ಯಂಜನಗಳು ಉಚ್ಚಾರಣಾಂಗಗಳ ಚಿತ್ರಗಳು. ಕಕಾರದ ಅಕ್ಷರವು ನಾಲಗೆಯ ಬುಡ ಮೇಲೆದ್ದು ಗಂಟಲನ್ನು ಮುಚ್ಚುವ ಬಗೆಯನ್ನೂ, ನಕಾರದ್ದು ನಾಲಗೆಯ ತುದಿ ಮೇಲಕ್ಕೆ ಮುಟ್ಟುವುದನ್ನೂ ತೋರಿಸುತ್ತವೆ. ಮಕಾರದ ಚೌಕ ಬಾಯಿಯದು, ಸಕಾರದ ಎರಡು ಓರೆಗೆರೆ ಹಲ್ಲಿನದು, ವೃತ್ತ ಗಂಟಲಿನದು. ಈ ಮೂಲಾಕೃತಿಗಳಿಗೆ ಗೆರೆ ಸೇರಿಸಿದಂತೆ ಅದೇ ಸ್ಥಾನದ ಇನ್ನಷ್ಟು ಬಲವಾದ ಧ್ವನಿಗಳು ದೊರೆಯುತ್ತವೆ. ಕಕಾರಕ್ಕೆ ಒಂದು ಗೆರೆ ಕೂಡಿದರೆ ಖಕಾರ.

ಇದನ್ನು ಓದುವ ಕನ್ನಡಿಗನಿಗೆ ಹೊಸತೆನಿಸುವುದು ಆಕೃತಿ ಮಾತ್ರ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯವೆಂಬ ಸ್ಥಾನವಿಭಾಗ ಅವನ ವರ್ಣಮಾಲೆಯ ಹಾಸುಗಲ್ಲು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲೇ ಜೀವನ ಇಚ್ಛೆ ಮತ್ತು ಪವನಗಳಿಂದ ನಾಭಿಮೂಲದಲ್ಲಿ ಶಬ್ದದ್ರವ್ಯ ಹುಟ್ಟುವ ಬಗೆಯನ್ನು ವಿವರಿಸಿದ್ದಾನೆ. ಅಕ್ಷರವನ್ನು ಹೇಳುವ ಮೊದಲು ಉಸಿರನ್ನೂ ದೇಹವನ್ನೂ ನೆನೆಯುವುದು ಈ ಪರಂಪರೆಯ ಪದ್ಧತಿ. ಗೆರೆ ಸೇರಿಸುವ ಉಪಾಯವೂ ಕನ್ನಡಕ್ಕೆ ಅಪರಿಚಿತವಲ್ಲ. ಪಕಾರದ ಅಡಿಯಲ್ಲೊಂದು ಸೀಳುಗೆರೆ ಎಳೆದರೆ ಫಕಾರ, ದಕಾರಕ್ಕೆ ಎಳೆದರೆ ಧಕಾರ, ಡಕಾರಕ್ಕೆ ಎಳೆದರೆ ಢಕಾರ.

ಇನ್ನು ‘ಜಿ’ಯೋ ‘ಕೆ’ಯೋ ಎಂಬ ತೊಡಕು. ಕೊರಿಯನ್ನಿನಲ್ಲಿ ಕಕಾರ-ಗಕಾರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ತಮಿಳಿನಲ್ಲಿರುವಂತೆ ಒಂದೇ ಅಕ್ಷರ. ಪದದ ಮೊದಲಿಗೆ ಬಂದಾಗ ಅದು ಕಕಾರಕ್ಕೆ ಹತ್ತಿರ, ಎರಡು ಸ್ವರಗಳ ನಡುವೆ ಬಂದಾಗ ಗಕಾರ. ತಕಾರ-ದಕಾರ, ಪಕಾರ-ಬಕಾರಗಳದೂ ಇದೇ ರೀತಿ. ದಂಪತಿ ಎಂಬರ್ಥದ ಪದವನ್ನು ಒಂದೇ ಅಕ್ಷರವನ್ನು ಎರಡು ಸಲ ಬರೆದು ‘ಪುಬು’ ಎಂದು ಓದುತ್ತಾರೆ. ಇಂಗ್ಲಿಷಿನ ಮೂಲಕ ಬಂದವನಿಗೆ ಇದು ಅನಿಯಮವೆಂದು ತೋರುತ್ತದೆ. ಪ್ರೌಢಶಾಲೆಯಲ್ಲಿ ಆದೇಶಸಂಧಿಯನ್ನು ಓದಿದ ಕನ್ನಡ ವಿದ್ಯಾರ್ಥಿಗೆ ಹಾಗೆ ತೋರಬೇಕಿಲ್ಲ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. ಕ, ತ, ಪಗಳು ಗ, ದ, ಬಗಳಾಗುವ ಈ ನಿಯಮವನ್ನು ಕನ್ನಡ ಬರಹದಲ್ಲಿ ತೋರಿಸುತ್ತದೆ, ಕೊರಿಯನ್ ಬಾಯಿಗೆ ಬಿಡುತ್ತದೆ.

ಸೋಲ್ ನಗರದ ನದಿಯ ಹೆಸರು ಇದಕ್ಕೆ ಒಳ್ಳೆಯ ನಿದರ್ಶನ. ನದಿಗೆ ಕೊರಿಯನ್ನಿನಲ್ಲಿ ‘ಕಙ್’. ‘ಹನ್’ ಎಂಬ ಹೆಸರಿನ ಮುಂದೆ ಬಂದಾಗ ಅದು ‘ಹನ್‌ಗಙ್’. ಪದಾಂತ್ಯದಲ್ಲಿರುವ ಧ್ವನಿ ಙಕಾರವೇ. ಕನ್ನಡದ ಮಕ್ಕಳು ಕವರ್ಗದ ಕೊನೆಯಲ್ಲಿ ಬಾಯಿಪಾಠಕ್ಕಾಗಿ ಮಾತ್ರ ಉಚ್ಚರಿಸಿ ಮರೆಯುವ, ‘ಅಂಗ’, ‘ಶಂಖ’ಗಳಲ್ಲಿ ಸೊನ್ನೆಯ ಮರೆಯಲ್ಲಿ ನಿಂತ ಈ ಅಕ್ಷರ ಹಂಗುಲಿನಲ್ಲಿ ದಿನಬಳಕೆಯದು. ಕೃತಜ್ಞತೆ ಹೇಳುವ ಪದವನ್ನು ನೋಡಿದರೆ ಇನ್ನೊಂದು ನಂಟು ಕಾಣುತ್ತದೆ. ಅದರ ಉತ್ತರಾರ್ಧವನ್ನು ಬರೆಯುವುದು ‘ಹಪ್-ನಿ-ದಾ’ ಎಂದು, ಓದುವುದು ‘ಹಮ್ನಿದಾ’ ಎಂದು. ವಾಕ್ ಮತ್ತು ಮಯ ಸೇರಿ ವಾಙ್ಮಯ, ಷಟ್ ಮತ್ತು ಮುಖ ಸೇರಿ ಷಣ್ಮುಖ ಆಗುವ ಅನುನಾಸಿಕ ಸಂಧಿಯನ್ನು ಬಲ್ಲವನು ಇದನ್ನು ಹೊಸದಾಗಿ ಉರುಹೊಡೆಯಬೇಕಿಲ್ಲ.

ಹಂಗುಲಿನಲ್ಲಿ ಅಕ್ಷರಗಳನ್ನು ಸಾಲಾಗಿ ಜೋಡಿಸುವುದಿಲ್ಲ. ಒಂದೊಂದು ಉಚ್ಚಾರಾಂಶವನ್ನೂ ಒಂದೊಂದು ಚೌಕದಲ್ಲಿ ಕೂಡಿಸುತ್ತಾರೆ. ಒತ್ತಕ್ಷರಕ್ಕೆ ಒಗ್ಗಿದ ಕಣ್ಣಿಗೆ ಇದು ಕಷ್ಟವಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ‘ಕನ್ನಡ’ ಎಂಬ ಪದವನ್ನು ಕನ್ನಡದಲ್ಲಿ ಕ-ನ್ನ-ಡ ಎಂದು ಬಿಡಿಸಿ ಬರೆಯುತ್ತಾರೆ. ಹಂಗುಲಿನ ಕ್ರಮದಲ್ಲಿ ಅದು ಕನ್-ನ-ಡ. ಬರಹದಲ್ಲಿ ಇದು ಹೊಸತಾದರೂ ಛಂದಸ್ಸಿನಲ್ಲಿ ಹಳತು. ಮುಂದೆ ಸಂಯುಕ್ತಾಕ್ಷರವಿದ್ದುದರಿಂದ ಮೊದಲ ಕಕಾರ ಗುರುವೆಂದು ಲೆಕ್ಕಹಾಕುವಾಗ ಕನ್ನಡದ ಛಂದಶ್ಶಾಸ್ತ್ರ ಪರಿಗಣಿಸುವುದು ‘ಕನ್’ ಎಂಬ ಮುಚ್ಚಿದ ಉಚ್ಚಾರಾಂಶವನ್ನೇ. ಪ್ರಸ್ತಾರ ಹಾಕಲು ಬಲ್ಲವನ ಕಿವಿ ಹಂಗುಲಿನ ಚೌಕಗಳಿಗೆ ಆಗಲೇ ಸಿದ್ಧವಾಗಿದೆ.

ಹಾಗೆಂದು ಕನ್ನಡ ಎಲ್ಲೆಡೆಯೂ ಕೈಹಿಡಿಯುತ್ತದೆಂದು ಭಾವಿಸುವುದು ತಪ್ಪು. ಕೊರಿಯನ್ನಿನಲ್ಲಿ ಹುಲ್ಲಿಗಿರುವ ಪದವನ್ನು ಕೇಳಿದ ಹಳಗನ್ನಡದ ಅಭ್ಯಾಸಿ ರೋಮಾಂಚಿತನಾಗುತ್ತಾನೆ, ಏಕೆಂದರೆ ಅದು ಬಹುಪಾಲು ‘ಪುಲ್’ ಎಂದೇ ಕೇಳುತ್ತದೆ. ಆದರೆ ಅಲ್ಲಿರುವುದು ಉಸಿರು ಚಿಮ್ಮುವ ಮಹಾಪ್ರಾಣ. ಉಸಿರು ತಗ್ಗಿದರೆ ಅದೇ ಪದ ಬೆಂಕಿ. ಗಂಟಲು ಬಿಗಿಹಿಡಿದು ಉಸಿರಿಲ್ಲದೆ ಹೇಳಿದರೆ ಕೋಡು. ಈ ಮೂರನೆಯ ಬಿಗಿವ್ಯಂಜನವನ್ನು ಬರೆಯುವುದು ಅಕ್ಷರವನ್ನು ಇಮ್ಮಡಿಸಿ. ಕನ್ನಡಿಗನ ಕಣ್ಣು ಅದನ್ನು ಒಡನೆ ‘ಪ್ಪ’ ಎಂಬ ದ್ವಿತ್ವವೆಂದು ಓದುತ್ತದೆ. ಅದು ದ್ವಿತ್ವವಲ್ಲ, ಕನ್ನಡಿಗನ ಸಹಜ ಅಲ್ಪಪ್ರಾಣ ಪಕಾರವೇ ಅದಕ್ಕೆ ಹೆಚ್ಚು ಹತ್ತಿರ. ಸ್ವರಗಳಲ್ಲಿಯೂ ಎರಡು ಎಚ್ಚರಿಕೆಗಳು ಬೇಕು. ಸೋಲ್ ನಗರದ ಹೆಸರಿನ ಮೊದಲ ಸ್ವರ ಅಕಾರ-ಒಕಾರಗಳ ನಡುವಿನದು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ತುಟಿ ದುಂಡಾಗದೆ ಹೊರಡುವ ಉಕಾರವೂ ಹಾಗೆಯೇ. ತುಳುವರಿಗೆ ಅದು ಪದಾಂತ್ಯದಲ್ಲಿ ಸಹಜ, ಯಾದಗಿರಿಯ ಕನ್ನಡಿಗರು ಕಿವಿಗೊಟ್ಟು ಕಲಿಯಬೇಕು. ರಕಾರ-ಲಕಾರಗಳಿಗೆ ಅಲ್ಲಿ ಒಂದೇ ಅಕ್ಷರ: ನಾಡು ಎಂಬರ್ಥದ ‘ನಾರಾ’ದಲ್ಲಿ ಸ್ವರಗಳ ನಡುವೆ ರಕಾರ, ಸೋಲ್ ಎಂಬಲ್ಲಿ ಪದಾಂತ್ಯದಲ್ಲಿ ಲಕಾರ. ಆದುದರಿಂದ ಕನ್ನಡ ಲಿಪಿ ಇಲ್ಲಿ ಏಣಿ ಮಾತ್ರ. ಮೊದಲ ಕೆಲವು ದಿನ ಏರಲು ಬಳಸಿ, ಬಳಿಕ ಹಂಗುಲನ್ನು ಹಂಗುಲಾಗಿಯೇ ಓದಬೇಕು.

‘ಪುಲ್’ ಪದದ ಮೋಹ ಇನ್ನೊಂದು ಅಪಾಯವನ್ನು ನೆನಪಿಸುತ್ತದೆ. ಹೋಮರ್ ಹಲ್ಬರ್ಟನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಗ್ರಂಥ ಬರೆದನು. ಅಂದಿನಿಂದ ಇಂದಿನವರೆಗೆ ಅಪ್ಪ, ಅಮ್ಮ, ನಾ, ನೀ ಮೊದಲಾದ ಪದಗಳ ಪಟ್ಟಿಗಳು ಹರಿದಾಡುತ್ತಲೇ ಇವೆ. ಭಾಷಾವಿಜ್ಞಾನಿಗಳು ಈ ನಂಟನ್ನು ಒಪ್ಪಿಲ್ಲ. ಲಿಪಿಯ ವಿಷಯದಲ್ಲಿಯೂ ಮಾತು ಅಳೆದು ಆಡಬೇಕಾದುದು. ಕುಬ್ಲಾಯಿ ಖಾನನಿಗಾಗಿ ಟಿಬೆಟ್ಟಿನ ಲಾಮಾ ಫಗ್ಸ್‌ಪಾ ರೂಪಿಸಿದ, 1269ರಲ್ಲಿ ಜಾರಿಗೆ ಬಂದ ಲಿಪಿಯಿಂದ ಹಂಗುಲಿನ ಕೆಲವು ಅಕ್ಷರಗಳು ಪ್ರೇರಣೆ ಪಡೆದಿರಬಹುದೆಂದು ಗ್ಯಾರಿ ಲೆಡ್ಯಾರ್ಡ್ ವಾದಿಸಿದ್ದಾರೆ. ಫಗ್ಸ್‌ಪಾ ಲಿಪಿಯ ಮೂಲ ಟಿಬೆಟನ್, ಅದರ ಮೂಲ ಬ್ರಾಹ್ಮಿಯ ಸಂತತಿ. ಈ ವಾದ ನಿಂತರೆ, ಯಾದಗಿರಿಯ ಮಗ್ಗುಲಲ್ಲೇ ಹರಿಯುವ ಭೀಮೆಯ ದಡದ ಸನ್ನತಿಯಲ್ಲಿ 1986ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಲಿಪಿಗೆ ಕನ್ನಡದೊಡನೆ ಹಂಗುಲೂ ದೂರದ ಬಂಧುವಾಗುತ್ತದೆ. ಆದರೆ ಇದು ವಿವಾದದಲ್ಲಿರುವ ಮಾತು. ಸೆಜೊಂಗನ ಸ್ವಂತ ಪ್ರತಿಭೆಯನ್ನು ಅಲ್ಲಗಳೆಯಲು ಇದನ್ನು ಬಳಸುವವರು ಚರಿತ್ರೆಗೂ ಕನ್ನಡಕ್ಕೂ ಉಪಕಾರ ಮಾಡುವುದಿಲ್ಲ. ವರ್ಣಮಾಲೆಯ ಕ್ರಮ ಕಲಿಕೆಗೆ ನೆರವಾದರೆ ಸಾಕು, ಅದು ಒಡೆತನದ ಹಕ್ಕುಪತ್ರವಾಗಬೇಕಿಲ್ಲ.

ಕನ್ನಡವನ್ನೇ ಓದಲು ತಡಕಾಡುವ ಸೀಮೆಯಲ್ಲಿ ಕೊರಿಯನ್ ಲಿಪಿಯ ಮಾತೇಕೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಮತ್ತು ಅದು ಹಗುರವಾದುದಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ. 51.83, ಕರ್ನಾಟಕದಲ್ಲೇ ಕನಿಷ್ಠ. ಮಹಿಳೆಯರಲ್ಲಿ ಅದು ಇನ್ನೂ ಕೆಳಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಶಿಕ್ಷಣದ ಭಾಷೆಯಾಗಿದ್ದು, 1948ರವರೆಗೆ ಇಲ್ಲಿಯ ಕನ್ನಡ ಮಕ್ಕಳಿಗೆ ತಾಯ್ನುಡಿಯ ಶಾಲೆ ದುರ್ಲಭವಾಗಿದ್ದ ಚರಿತ್ರೆಯೂ ಇದರ ಹಿಂದಿದೆ. ಮುದನಾಳದ ಪ್ರತಿಯೊಂದು ಮಗುವೂ ಹಂಗುಲ್ ಕಲಿಯಬೇಕೆಂದು ಯಾರೂ ಹೇಳಲಾರರು. ಹಂಗುಲ್ ಕಲಿಸುವ ಪಾಠವನ್ನು ಮಾತ್ರ ಕನ್ನಡದ ತರಗತಿಯು ಕಡೆಗಣಿಸಬಾರದು.

ಆ ಪಾಠ ಸರಳವಾದುದು. ಮಗು ‘ಕ ಖ ಗ ಘ ಙ’ ಎಂದು ರಾಗವಾಗಿ ಹೇಳುತ್ತದೆ. ಆ ಐದು ಧ್ವನಿಗಳು ಒಂದೇ ಸಾಲಿನಲ್ಲಿ ಏಕಿವೆಯೆಂದು ಅದಕ್ಕೆ ಯಾರೂ ತಿಳಿಸುವುದು ಅಪರೂಪ. ಅಂಗೈಯನ್ನು ಬಾಯ ಮುಂದೆ ಹಿಡಿದು ಕಕಾರ-ಖಕಾರಗಳನ್ನು ಹೇಳಿಸಿದರೆ ಉಸಿರಿನ ವ್ಯತ್ಯಾಸ ಅದರ ಕೈಗೇ ತಿಳಿಯುತ್ತದೆ. ಬೆರಳನ್ನು ಗಂಟಲಿನ ಮೇಲಿಟ್ಟು ಸಕಾರವನ್ನು ಎಳೆದು ಹೇಳಿ, ಬಳಿಕ ಮಕಾರವನ್ನು ಎಳೆದರೆ ನಾದ ಯಾವುದರಲ್ಲಿದೆಯೆಂದು ಬೆರಳೇ ಹೇಳುತ್ತದೆ. ತುಟಿ ಮುಚ್ಚದೆ ಪಕಾರ ಹೇಳಲು ಯತ್ನಿಸಿ ಸೋತ ಮಗು ಓಷ್ಠ್ಯವೆಂಬ ಪದದ ಅರ್ಥವನ್ನು ಮರೆಯುವುದಿಲ್ಲ. ‘ಭಾಷೆ’ಯನ್ನು ‘ಬಾಶೆ’ ಎನ್ನುವ ಮಗುವನ್ನು ನಗೆಪಾಟಲು ಮಾಡುವ ಉಪಾಧ್ಯಾಯರೂ ಇಲ್ಲಿ ಕಲಿಯುವುದುಂಟು. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ವಿರಳ. ಅದನ್ನು ಮನೆಯಲ್ಲಿ ಕೇಳದ ಮಗುವಿಗೆ ಅದೊಂದು ಕಲಿಯಬೇಕಾದ ಕೌಶಲ, ಅವಮಾನದ ಕಾರಣವಲ್ಲ. ಕೊರಿಯನ್ ಕಲಿಯುವ ಪಂಡಿತನೂ ಬಿಗಿವ್ಯಂಜನದ ಮುಂದೆ ಅದೇ ಮಗುವಿನಂತೆ ತಡವರಿಸುತ್ತಾನೆ.

ಸೆಜೊಂಗನ ಹೆಸರಿನಲ್ಲಿ ಯುನೆಸ್ಕೋ 1989ರಲ್ಲಿ ಸ್ಥಾಪಿಸಿದ ಪ್ರಶಸ್ತಿ ಸಲ್ಲುವುದು ಸಾಕ್ಷರತೆಯ ಕಾರ್ಯಕ್ಕೆ. ಪಂಡಿತರು ಕೀಳೆಂದು ಬದಿಗಿಟ್ಟ ಆ ಲಿಪಿಯನ್ನು ಶತಮಾನಗಳ ಕಾಲ ಪತ್ರಗಳಲ್ಲಿಯೂ ಕಥೆಗಳಲ್ಲಿಯೂ ಬಳಸಿ ಉಳಿಸಿಕೊಂಡವರಲ್ಲಿ ಕೊರಿಯಾದ ಹೆಂಗಸರು ಮುಖ್ಯರು. ಕನ್ನಡದ ಆದಿಪುರಾಣದಲ್ಲಿಯೂ ವೃಷಭನಾಥನು ಅಕ್ಷರವನ್ನು ಕಲಿಸುವುದು ಮಗಳು ಬ್ರಾಹ್ಮಿಗೆ, ಅಂಕವನ್ನು ಕಲಿಸುವುದು ಮಗಳು ಸೌಂದರಿಗೆ. ಅಕ್ಷರವಿದ್ಯೆ ಹೆಣ್ಣುಮಕ್ಕಳಿಂದ ಆರಂಭವಾಯಿತೆಂದು ಹೇಳುವ ಕಾವ್ಯಪರಂಪರೆಯ ನಾಡಿನಲ್ಲಿ, ಜನಗಣತಿಯ ಲೆಕ್ಕದಂತೆ ಯಾದಗಿರಿಯ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ಆ ವಿದ್ಯೆ ತಲುಪಿರಲಿಲ್ಲ. ಮುದನಾಳದ ಹುಡುಗಿಯೊಬ್ಬಳು ಹಂಗುಲನ್ನು ತನ್ನ ಕನ್ನಡದ ಬಲದಿಂದಲೇ ಓದಿದರೆ ಸಂತೋಷ. ಅದನ್ನು ಓದಿದ ಮೇಲೆ ತನ್ನ ತಂಗಿಗೆ ‘ಕ ಖ ಗ ಘ ಙ’ವನ್ನು ಅಂಗೈ ಹಿಡಿದು, ಗಂಟಲು ಮುಟ್ಟಿಸಿ ಕಲಿಸಿದರೆ ಆ ಓದಿನ ಪ್ರಯೋಜನ ಪೂರ್ಣವಾಗುತ್ತದೆ.