ತಕ್ಕಡಿಯೂ ತಾನೇ, ಬಂಡಿಯೂ ತಾನೇ

ಗೋವಾಕ್ಕೆ ಹೋಗಿ ಬಂದವರು ಮಾಂಡವಿ ನದಿಯ ಕ್ಯಾಸಿನೊ ಹಡಗುಗಳ ಫೋಟೊ ತೋರಿಸುತ್ತಾರೆ. ನನಗೆ ಮಾಂಡವಿ ಎಂದರೆ ಬಾರ್ಜ್. ಪುಣೆಗೆ ಬರುವ ಮುಂಚೆ, 2005ರಿಂದ 2012ರವರೆಗೆ, ವಾಸ್ಕೋದಲ್ಲಿ ಅದಿರು ಅಳೆಯುವ ಸಂಸ್ಥೆಯೊಂದರಲ್ಲಿದ್ದೆ. ಬಾರ್ಜ್ ಹತ್ತುವುದು, ಇಳಿಯುವುದು, ಲೆಕ್ಕ ಬರೆಯುವುದು: ಇಷ್ಟೇ ನನ್ನ ಕೆಲಸ.

ನೋಡಲು ಚೆಂದವೇನಿಲ್ಲ. ಉದ್ದನೆಯ ಉಕ್ಕಿನ ತೊಟ್ಟಿ, ಹಿಂದೆ ಕ್ಯಾಬಿನ್, ಅದರಡಿ ಎಂಜಿನ್. ಆದರೆ 2,000 ಟನ್ ಅದಿರು ಹೊತ್ತ ಒಂದು ಬಾರ್ಜ್ ಎಂದರೆ 10 ಟನ್ನಿನ 200 ಟಿಪ್ಪರ್. ಮೊದಲು ಈ ನದಿಗಳಲ್ಲಿ ಮರದ ದೋಣಿಗಳಿದ್ದವು. ಜಪಾನಿಗೆ ಅದಿರು ಹೋಗತೊಡಗಿದ ಮೇಲೆ ಅವು ಸಾಲದೆ ಉಕ್ಕು ಬಂತು. ಇಂದು ಯುದ್ಧನೌಕೆ ಕಟ್ಟುವ ಗೋವಾ ಶಿಪ್‌ಯಾರ್ಡನ್ನು 1957ರಲ್ಲಿ ಪೋರ್ಚುಗೀಸರು ಆರಂಭಿಸಿದ್ದೇ ಗಣಿಗಳಿಗೆ ಬಾರ್ಜ್ ಕಟ್ಟಲು.

ಇಷ್ಟು ಸರಕನ್ನು ತೂಗುವುದು ಹೇಗೆ ಎಂದು ಈಗಲೂ ಕೇಳುತ್ತಾರೆ. ತೂಗುವುದು ಬಾರ್ಜೇ! ಅದರ ಮೈಮೇಲೆ ಮುಂದೆ, ನಡುವೆ, ಹಿಂದೆ, ಎರಡೂ ಪಕ್ಕಗಳಲ್ಲಿ ಅಂಕಿ ಬರೆದಿರುತ್ತದೆ. ಖಾಲಿ ಇದ್ದಾಗ ನೀರು ಯಾವ ಅಂಕಿಗಿತ್ತು, ತುಂಬಿದ ಮೇಲೆ ಯಾವುದಕ್ಕೆ ಬಂತು ಎಂದು ಓದಿ ಲೆಕ್ಕ ಕಟ್ಟಬೇಕು. ದೊಡ್ಡ ಬಾರ್ಜು ಒಂದು ಸೆಂಟಿಮೀಟರ್ ಮುಳುಗಿತೆಂದರೆ ಸುಮಾರು 7 ಟನ್. ಅಲೆ ಎದ್ದಾಗ ಆ ಒಂದು ಸೆಂಟಿಮೀಟರಿಗೆ ಎಷ್ಟು ಜಗಳ ಅಂತೀರಿ! ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ನದಿಯ ನೀರು ಸಿಹಿಯಾಗುತ್ತದೆ, ಸಿಹಿನೀರಿನಲ್ಲಿ ಅದೇ ಬಾರ್ಜ್ ಹೆಚ್ಚು ಮುಳುಗುತ್ತದೆ. ನೀರಿನ ಸಾಂದ್ರತೆ ನೋಡದೆ ಸಮುದ್ರದ ಲೆಕ್ಕ ಹಾಕಿದರೆ 2,000 ಟನ್ನಿಗೆ 50 ಟನ್ ಇಲ್ಲದ ಅದಿರು ಕಾಗದದಲ್ಲಿ ಹುಟ್ಟಿಬಿಡುತ್ತದೆ. ಅದಕ್ಕೇ ಬಕೆಟ್ಟಿಗೆ ಹಗ್ಗ ಕಟ್ಟಿ ನದಿನೀರು ಸೇದಿ, ಹೈಡ್ರೊಮೀಟರ್ ಇಳಿಬಿಟ್ಟು ನೋಡುತ್ತಿದ್ದೆವು.

ಮಳೆಗಾಲದಲ್ಲಿ ಆಗ್ವಾದದ ಅಳಿವೆಯ ಮರಳು ದಿಬ್ಬ ದಾಟುವಂತಿಲ್ಲ. ಮಾಂಡವಿಯ ಬಾರ್ಜುಗಳು ಉಬ್ಬರಕ್ಕೆ ಕಾದು, ಕುಂಬಾರಜುವೆ ಕಾಲುವೆ ಹೊಕ್ಕು, ಜುವಾರಿ ನದಿಗೆ ಬಂದು ಮುರ್ಮಗೋವಾ ಬಂದರು ಸೇರಬೇಕು. ಮೊಸಳೆಗಳಿರುವ ಕಾಲುವೆ ಅದು. ದಡದ ಕೆಸರಿನಲ್ಲಿ ಬಿಸಿಲು ಕಾಯಿಸುತ್ತಾ ಬಿದ್ದಿರುತ್ತವೆ. ಬಂದರಿನಲ್ಲಿ 70,000 ಟನ್ನಿನ ಹಡಗು ತುಂಬಲು ಇಂಥ 35 ಸವಾರಿ ಬೇಕು. ಅಲ್ಲಿ ಕ್ರೇನಿನ ಗ್ರ್ಯಾಬ್ ತೊಟ್ಟಿಯ ತಳಕ್ಕೆ ಧಡ್ ಎಂದು ಬಡಿದು ಬಡಿದು ತಗಡು ತಗ್ಗಾಗುತ್ತದೆ, ಉಪ್ಪುನೀರು ಹೊರಗಿನಿಂದ ತಿನ್ನುತ್ತದೆ. ಹಾಗಾಗಿ ಆಗಾಗ ದಡಕ್ಕೆಳೆದು ತಗಡು ಬೆಸೆಯಲೇಬೇಕು.

ನಮ್ಮ ಹೊಸಪೇಟೆ ಕಡೆಯ ಅದಿರೂ ಕ್ಯಾಸಲ್‌ರಾಕ್ ಘಾಟಿ ಇಳಿದು ರೈಲಿನಲ್ಲಿ ಸಾವರ್ಡೆಗೆ ಬಂದು ಬಾರ್ಜ್ ಹತ್ತುತ್ತಿತ್ತು. 2010ರ ಜುಲೈನಲ್ಲಿ ಕರ್ನಾಟಕ ರಫ್ತು ನಿಲ್ಲಿಸಿತು. ಗೋವಾದಲ್ಲಿ ಮಾತ್ರ ಚೀನಾದ ಹಸಿವು ಜೋರಾಗಿತ್ತು. ವರ್ಷಕ್ಕೆ 5 ಕೋಟಿ ಟನ್ ಮೀರಿ ಹೋಯಿತು. ಗಣಿ ಸೀಮೆಯವರು, ಹತ್ತಾರು ಟಿಪ್ಪರ್ ಇದ್ದವರು, ಸಾಲ ಮಾಡಿ ಬಾರ್ಜ್ ಕಟ್ಟಿಸಿದರು. ಗದ್ದೆಗೆ ಗಣಿಯ ಹೂಳು ನುಗ್ಗಿದವರ ಕೂಗು ಆಗ ಯಾರಿಗೂ ಕೇಳಿಸಲಿಲ್ಲ. ಶಾ ಆಯೋಗದ ವರದಿ ಬಂದು, 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೂ ಸಾಗಣೆಯನ್ನೂ ತಡೆಯಿತು. ತಡೆದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಬಿಸಿ ಗಣಿಯ ಧಣಿಗಿಂತ ಮೊದಲು ತಟ್ಟಿದ್ದು ಒಂದೇ ಬಾರ್ಜ್ ಇದ್ದವನಿಗೆ, ಅವನ ಖಲಾಸಿಗೆ.

ಟಿಪ್ಪರ್ ನಿಂತರೆ ಮನೆ ಮುಂದೆ ನಿಲ್ಲುತ್ತದೆ. ಬಾರ್ಜ್ ನಿಂತರೂ ಕಾವಲು ಬೇಕು, ತಳಕ್ಕಿಳಿದ ನೀರು ಪಂಪ್ ಮಾಡಬೇಕು, ಇಲ್ಲದಿದ್ದರೆ ಮುಳುಗುತ್ತದೆ. ಬೇರೆ ಕೆಲಸಕ್ಕೆ ಹಾಕೋಣವೆಂದರೆ, ಆಳವಿಲ್ಲದ ಈ ನದಿಗೆಂದು ಕಟ್ಟಿದ್ದು ತೆರೆದ ಸಮುದ್ರಕ್ಕೆ ಆಗಿಬರುವುದಿಲ್ಲ. 2014ರಲ್ಲಿ ತಡೆ ಸಡಿಲವಾಗಿ ಸ್ವಲ್ಪ ಉಸಿರು ಬಂತು. 2018ರ ಫೆಬ್ರುವರಿಯಲ್ಲಿ 88 ಗುತ್ತಿಗೆಗಳೇ ರದ್ದಾದವು. ಎಷ್ಟೋ ಬಾರ್ಜುಗಳನ್ನು ಗ್ಯಾಸ್ ಕಟರಿನಿಂದ ಕೊಯ್ದು ಗುಜರಿಗೆ ಹಾಕಿದರು.

ಹೊಸ ಹರಾಜಾಗಿ 2024ರಲ್ಲಿ ಡಿಚೋಲಿಯಲ್ಲಿ ಮತ್ತೆ ಗಣಿ ತೆರೆಯಿತು. ಆ ಸುದ್ದಿ ಓದಿ, ನಮ್ಮ ಕಾರವಾರದ ಮಾಸ್ಟರ್ ಒಬ್ಬರಿಗೆ ಫೋನ್ ಮಾಡಿ "ಹೋಗ್ತೀರೇನ್ರೀ?" ಅಂದೆ. ಈಗ ಅವರು ಮೀನಿನ ದೋಣಿಯೊಂದರಲ್ಲಿ ಪಾಲುದಾರ. "ಲೈಸೆನ್ಸ್ ಇನ್ನೂ ಟ್ರಂಕಿನಲ್ಲಿದೆ ಮಾರಾಯ್ರೆ. ಮಗ ಮಾತ್ರ ಬೇಡ ಅಂತಾನೆ" ಅಂದರು.