ಹಳೆ ಜೀಪಿಗೆ ಮರುಜೀವ: ದಿನದ ಓಡಾಟಕ್ಕೆ ಒದಗೀತೇ?

ಕೊಡಚಾದ್ರಿಗೋ ಮಡಿಕೇರಿ ಬಳಿಯ ಮಾಂದಲಪಟ್ಟಿಗೋ ಜೀಪು ಹತ್ತಿ ಹೋಗಿ ಬಂದವರಿಗೆ ಹಳೆ ಗಾಡಿಯ ತಾಕತ್ತನ್ನು ಬೇರೆ ಯಾರೂ ವಿವರಿಸಬೇಕಿಲ್ಲ. ಕಲ್ಲು, ಕೊರಕಲು, ಮೊಣಕಾಲುದ್ದದ ಕೆಸರು ಎಲ್ಲವನ್ನೂ ದಾಟಿಕೊಂಡು ಅವು ಮೇಲೇರುತ್ತವೆ. ಇಳಿದು ಬಂದ ಮೇಲೆ ಕೆಲವರ ತಲೆಯಲ್ಲಿ ಒಂದು ಆಸೆ ಕೂತುಬಿಡುತ್ತದೆ: ಯಾವುದಾದರೂ ತೋಟದ ಶೆಡ್ಡಿನಲ್ಲಿ ನಿಂತೇ ಇರುವ ಮಹೀಂದ್ರ ಎಂಎಂ 540 ಅಥವಾ ಮಾರುತಿ ಜಿಪ್ಸಿ ಕೊಂಡು, ಬಿಚ್ಚಿ, ರಿಪೇರಿ ಮಾಡಿಸಿ ಓಡಿಸಿದರೆ ಹೇಗೆ?

ಹವ್ಯಾಸಕ್ಕೆಂದು ಭಾನುವಾರ ಹೊರತೆಗೆಯುವುದಾದರೆ ಯಾರ ತಕರಾರೂ ಇಲ್ಲ. ಮಕ್ಕಳ ಶಾಲೆ, ಆಫೀಸು, ಸಂತೆ, ಆಸ್ಪತ್ರೆ ಎಲ್ಲಕ್ಕೂ ಅದನ್ನೇ ನೆಚ್ಚಿಕೊಳ್ಳುತ್ತೇನೆ ಎಂದಾಗ ಮಾತು ಎರಡಾಗುತ್ತದೆ.

ಪರ

ರಿಪೇರಿ ಆಗಲೆಂದೇ ಹುಟ್ಟಿದ ಗಾಡಿ ಇದು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ವಂಶವನ್ನು ಮಹೀಂದ್ರ ಕಂಪನಿ 1947ರಲ್ಲಿ ಮುಂಬೈಗೆ ತಂದು ಜೋಡಿಸತೊಡಗಿತು. ಎಂಬತ್ತರ ದಶಕದ ಎಂಎಂ 540ಕ್ಕೆ ಬಂದದ್ದು 2,112 ಸಿಸಿಯ ಪೂಜೋ ಡೀಸೆಲ್ ಎಂಜಿನ್. ಅಷ್ಟು ವರ್ಷಗಳಲ್ಲಿ ಎಂಜಿನ್ ಬದಲಾದರೂ ಕಟ್ಟುವ ಕ್ರಮ ಬದಲಾಗಲಿಲ್ಲ: ಕೆಳಗೆ ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ. ಬೋಲ್ಟು ಬಿಚ್ಚಿದರೆ ಬಾಡಿ ಇಳಿಯುತ್ತದೆ, ಚಾಸಿ ಬತ್ತಲಾಗಿ ಎದುರಿಗಿರುತ್ತದೆ. ತುಕ್ಕು ತಿಂದ ಫ್ಲೋರನ್ನು ಕತ್ತರಿಸಿ ಹೊಸ ತಗಡು ಬೆಸೆಯಲು ಊರಿನ ಟಿಂಕರಿಂಗ್ ಕೆಲಸದವರೇ ಸಾಕು.

ಕಾಯಿಲೆ ಪತ್ತೆಗೂ ಕಂಪ್ಯೂಟರ್ ಬೇಡ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುತ್ತಾರೆ. ಹೊಗೆ ಬುಸುಬುಸು ಉಗುಳಿದರೆ ಮೆಕ್ಯಾನಿಕ್ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾನೆ. ಪಿಸ್ಟನ್ ರಿಂಗು ಸವೆದಿದೆ, ಎಂಜಿನ್ ಇಳಿಸಬೇಕು ಎಂದರ್ಥ. ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನ ಆಟ ಕೈಗೇ ಗೊತ್ತಾಗುತ್ತದೆ. ಹೊಸ ಕಾರಿನಲ್ಲಿ ಒಂದು ಸೆನ್ಸರ್ ಕೈಕೊಟ್ಟರೆ ಟೋಯಿಂಗ್ ಗಾಡಿ ಕರೆಸಬೇಕು. ಇಲ್ಲಿ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಜೀಪಿನಲ್ಲೇ ಕೈ ಪಳಗಿಸಿಕೊಂಡ ಮೆಕ್ಯಾನಿಕ್ ಸಿಗುತ್ತಾನೆ. ಸ್ಪೇರಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ.

ಡೀಸೆಲ್ ಸದ್ದು ಬೇಡವೆನ್ನುವವರಿಗೆ ಜಿಪ್ಸಿ ಇದೆ. 1985ರ ಕೊನೆಯಲ್ಲಿ 970 ಸಿಸಿ ಪೆಟ್ರೋಲ್ ಎಂಜಿನ್‌ನೊಂದಿಗೆ ಬಂದದ್ದು 1996ರಲ್ಲಿ 1,298 ಸಿಸಿಯ ಜಿಪ್ಸಿ ಕಿಂಗ್ ಆಯಿತು. ಐದು ಗೇರು, ಟನ್ನಿನ ಆಸುಪಾಸಿನ ತೂಕ. ಹಳೆಯ ಫೋರ್ ವೀಲ್ ಡ್ರೈವ್‌ಗಳಲ್ಲಿ ಕಾರಿನ ಗುಣಕ್ಕೆ ಹತ್ತಿರವಾದದ್ದು ಇದೇ. ಸೇನೆಯೂ ದೊಡ್ಡ ಸಂಖ್ಯೆಯಲ್ಲಿ ಬಳಸಿದ್ದರಿಂದ ಬಿಡಿಭಾಗಗಳ ಮಾರುಕಟ್ಟೆ ಬತ್ತಿಲ್ಲ.

ಮಲೆನಾಡಿನವರ ವಾದ ಇನ್ನೂ ಗಟ್ಟಿ. ಟಾರು ರಸ್ತೆ ಮುಗಿದ ಮೇಲೆ ಮನೆಗೆ ಇನ್ನೂ ಎರಡು ಮೂರು ಕಿಲೋಮೀಟರ್ ಮಣ್ಣಿನ ಏರು ಇರುವವರಿಗೆ ಫೋರ್ ವೀಲ್ ಡ್ರೈವ್ ಶೋಕಿಯಲ್ಲ. ಲೀವರ್ ಎಳೆದು ಲೋ ರೇಂಜಿಗೆ ಹಾಕಿದರೆ ಎಂಜಿನ್ನಿನ ಬಲ ಹಲವು ಪಟ್ಟಾಗಿ ನಾಲ್ಕೂ ಚಕ್ರಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಮುಟ್ಟದೆಯೂ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಮಾನ್ಯ ಕಾರನ್ನು ಮುಖ್ಯರಸ್ತೆಯಲ್ಲೇ ಬಿಟ್ಟು ನಡೆಯುವವರಿಗೆ ಇದರ ಬೆಲೆ ಗೊತ್ತು.

ಹಣದ ಲೆಕ್ಕವೂ ಇದೆ. ಹೊಸ ಫೋರ್ ವೀಲ್ ಡ್ರೈವ್ ಬೇಕೆಂದರೆ, ಮಾರುತಿಯ ಐದು ಬಾಗಿಲಿನ ಜಿಮ್ನಿ 2023ರಲ್ಲಿ ಬಂದಾಗ ಷೋರೂಂ ಬೆಲೆಯೇ 12.74 ಲಕ್ಷ ರೂಪಾಯಿಯಿಂದ ಶುರುವಾಗಿತ್ತು. ಅದರ ಮೇಲೆ ಕರ್ನಾಟಕದ ಶೇ 17ರ ಜೀವಿತಾವಧಿ ತೆರಿಗೆ ಎಂದರೆ ಎರಡು ಲಕ್ಷ ದಾಟಿತು. ಹಳೆ ಜೀಪಿನ ಖರ್ಚನ್ನು ಕಂತುಕಂತಾಗಿ ಮಾಡಬಹುದು: ಈ ವರ್ಷ ಬ್ರೇಕು ಮತ್ತು ಸ್ಟಿಯರಿಂಗ್, ಬರುವ ವರ್ಷ ಎಂಜಿನ್, ಪೇಂಟು ಕೊನೆಗೆ. ಆಗಲೇ ಎರಕ ಹೊಯ್ದು ಕಟ್ಟಿದ ಅಷ್ಟು ಉಕ್ಕನ್ನು ಗುಜರಿಗೆ ಹಾಕದೆ ಇನ್ನಷ್ಟು ವರ್ಷ ದುಡಿಸಿಕೊಳ್ಳುವುದೂ ಒಳ್ಳೆಯದೇ.

ವಿರೋಧ

ಎಂಜಿನ್ ನೋಡುವ ಮೊದಲು ಆರ್‌ಸಿ ಪುಸ್ತಕ ನೋಡಬೇಕು. ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಜಿಗಿಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ಇದನ್ನು ಕಟ್ಟಬಹುದು. ದೊಡ್ಡ ತೊಡಕು ಬೇರೆಯೇ.

ಕಡಿಮೆ ಬೆಲೆಗೆ ಸಿಗುವ ಜಿಪ್ಸಿಗಳಲ್ಲಿ ಕೆಲವು ದೆಹಲಿಯ ಕಡೆಯವು. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳನ್ನು ಹಸಿರು ನ್ಯಾಯಮಂಡಳಿ ತಡೆಯಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂಥ ಗಾಡಿ ಇಲ್ಲಿಗೆ ಬಂದರೆ ಅಲ್ಲಿನ ಎನ್‌ಒಸಿ ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಚಾಸಿಯ ಪಟ್ಟಿಯ ಮೇಲೆ ಕೊರೆದ ಸಂಖ್ಯೆ ಪುಸ್ತಕದಲ್ಲಿರುವುದಕ್ಕೆ ಒಂದಕ್ಷರವೂ ವ್ಯತ್ಯಾಸವಾಗುವಂತಿಲ್ಲ. ವರ್ಷಗಟ್ಟಲೆ ಕೂತ ಮಣ್ಣು, ಗ್ರೀಸು, ಮೂರು ಪದರ ಪೇಂಟನ್ನು ಕೆರೆದಾಗ ಅಲ್ಲಿ ತುಕ್ಕಿನ ಗುಳಿಗಳಷ್ಟೇ ಕಂಡರೆ, ಕೊಟ್ಟ ದುಡ್ಡು ಹೋದಂತೆಯೇ.

ಇನ್ನು ಮಾರ್ಪಾಡಿನ ವಿಷಯ. ಹಿಂದಿನ ಎರಡೇ ಚಕ್ರಕ್ಕೆ ಬಲವಿದ್ದ ಜೀಪಿಗೆ ಮುಂದೆ ಬೇರೆ ಆಕ್ಸಲ್ ಕೂರಿಸಿ ‘ಫೋರ್ ಬೈ ಫೋರ್’ ಎಂದು ಮಾರುವುದುಂಟು. ಹರಿಯಾಣದ ಮಂಡಿ ಡಬ್ವಾಲಿಯಂತಹ ಕಡೆ ಜೀಪುಗಳನ್ನು ಬೇಕೆಂದಂತೆ ಕಟ್ಟಿಕೊಡುವುದೇ ಒಂದು ಕಸುಬು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನೀಡಿದ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಪುಸ್ತಕದಲ್ಲಿಲ್ಲದ ಎಂಜಿನ್, ಅಗಲ ಟೈರು, ಕತ್ತರಿಸಿದ ಬಾಡಿ ಇದ್ದರೆ ಅಪಘಾತವಾದ ದಿನ ವಿಮೆಯವರೂ ಅದನ್ನೇ ಎತ್ತಿ ತೋರಿಸುತ್ತಾರೆ. ಐವತ್ತು ವರ್ಷ ಮೀರಿ, ಮೂಲ ರೂಪದಲ್ಲೇ ಉಳಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ನಿಜ. ಆದರೆ ಹಾಗೆ ನೋಂದಾಯಿಸಿದ್ದನ್ನು ನಿತ್ಯದ ಓಡಾಟಕ್ಕೆ ರಸ್ತೆಗಿಳಿಸಲು ಅದೇ ನಿಯಮ ಬಿಡುವುದಿಲ್ಲ.

ಎಲ್ಲಕ್ಕಿಂತ ಭಾರವಾದದ್ದು ಸುರಕ್ಷತೆಯ ಮಾತು. ಇಂದಿನ ಹೊಸ ಕಾರಿಗೆ ಎಬಿಎಸ್, ಮುಂದಿನ ಎರಡು ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. ಎಂಎಂ 540ರಲ್ಲಿ ಇವೆರಡೂ ಇಲ್ಲ. ಹಳೆಯ ಮಹೀಂದ್ರಗಳ ಡ್ರಮ್ ಬ್ರೇಕಿಗೆ ನೀರು ಹೊಕ್ಕರೆ ಹಿಡಿತ ತಪ್ಪುತ್ತದೆ. ಹೊಳೆ ದಾಟಿದ ಕೂಡಲೇ ಬ್ರೇಕು ಒತ್ತಿ ಒಣಗಿಸುವ ರೂಢಿ ಬಂದದ್ದು ಅದಕ್ಕೇ. ಹಿಂಬದಿಯಲ್ಲಿ ಎದುರುಬದುರಾಗಿ ಉದ್ದ ಬೆಂಚು, ಬೆಲ್ಟಿಲ್ಲ, ಪಕ್ಕದಲ್ಲಿ ಕ್ಯಾನ್ವಾಸು. ಶಾಲೆಯ ಚೀಲ ತೊಡೆಯ ಮೇಲಿಟ್ಟುಕೊಂಡ ಮಕ್ಕಳು ಕೂರುವುದು ಅಲ್ಲೇ. ಮರುಜೀವ ಕೊಡುವವರು ಪೇಂಟಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಈ ಸೀಟುಗಳನ್ನು ಮುಂದಕ್ಕೆ ತಿರುಗಿಸಿ ಬೆಲ್ಟು ಹಾಕಿಸಲು ಇಡಬೇಕು. ಅದಕ್ಕೂ ಮೊದಲು ಆರ್‌ಟಿಒ ಒಪ್ಪಿಗೆ ಪಡೆಯಬೇಕು.

ನಗರದ ಟಾರಿನ ಮೇಲೆ ಆ ಫೋರ್ ವೀಲ್ ಲೀವರ್‌ಗೆ ಕೆಲಸವೂ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಈ ಗಾಡಿಗಳಲ್ಲಿ ಎರಡೂ ಆಕ್ಸಲ್‌ಗಳ ನಡುವೆ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಕೆಸರಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಗಟ್ಟಿ ಟಾರಿನಲ್ಲಿ ಆ ಒತ್ತಡವೆಲ್ಲ ಗೇರುಗಳ ಮೇಲೆ ಬಿದ್ದು ಅವೇ ಸವೆಯುತ್ತವೆ. ಹಾಗಾಗಿ ಬೆಂಗಳೂರಿನಲ್ಲಿ ಓಡಿಸುವವರು ಮುಂದಿನ ಚಕ್ರಗಳಿಗೂ ಬಲ ಹಂಚುವ, ಆದರೆ ಅಲ್ಲಿ ಬಳಕೆಗೆ ಬಾರದ ಟ್ರಾನ್ಸ್‌ಫರ್ ಕೇಸಿನ ಭಾರವನ್ನು ದಿನವಿಡೀ ಹೊತ್ತು, ಪವರ್ ಸ್ಟಿಯರಿಂಗ್ ಇಲ್ಲದ ಚಕ್ರವನ್ನು ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ತಿರುಗಿಸಬೇಕಾಗುತ್ತದೆ.

ಹಳೆ ಉಕ್ಕನ್ನು ಉಳಿಸುವ ವಾದಕ್ಕೆ ಹೊಗೆಯೇ ಉತ್ತರ ಕೊಡುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಎಂಬತ್ತರ ದಶಕದ ಎಂಜಿನ್‌ಗೆ ಹೊಗೆ ಸೋಸುವ ಯಾವ ಸಾಧನವೂ ಇಲ್ಲ. ಪೆಟ್ರೋಲ್ ಜಿಪ್ಸಿಗೆ ಬೇರೆ ಚಿಂತೆ: ಶೇ 20 ಎಥೆನಾಲ್ ಬೆರೆತ ಇಂಧನ ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳಿಗೆ ಹೇಳಿ ಮಾಡಿಸಿದ್ದಲ್ಲ. ಅವನ್ನೆಲ್ಲ ಬದಲಿಸಿಕೊಳ್ಳಬೇಕು.

ಕೊನೆಗೆ, ಕಂತಿನ ಲೆಕ್ಕದಲ್ಲೊಂದು ದೊಡ್ಡ ಬಾಬತ್ತು ಬಿಟ್ಟುಹೋಗಿದೆ. ಎಂಜಿನ್ ಇಳಿಸಿದ ಗಾಡಿ ಬೋರಿಗೆಂದು ಲೇತಿಗೆ ಹೋಗಿ, ಸ್ಪೇರು ಬಾರದೆ, ಮೆಕ್ಯಾನಿಕ್ ಊರಿಗೆ ಹೋಗಿ, ಗ್ಯಾರೇಜಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಆ ವಾರಗಳಲ್ಲೂ ಶಾಲೆ ಇರುತ್ತದೆ, ಜ್ವರ ಬರುತ್ತದೆ. ಮನೆಯಲ್ಲಿ ಇನ್ನೊಂದು ವಾಹನ ಇರಲೇಬೇಕಾಗುತ್ತದೆ. ತೋಟದ ಮನೆಯಲ್ಲಿ ಪಿಕಪ್ಪೋ ಕಾರೋ ಮೊದಲೇ ಇರುವುದರಿಂದ ಅಲ್ಲಿ ಈ ಖರ್ಚು ಹೊಸದಲ್ಲ, ಜೀಪು ಅಲ್ಲಿ ಲಾಭವೇ. ಒಂದೇ ಗಾಡಿ ಇಡಲು ಜಾಗವಿರುವ ಬಾಡಿಗೆ ಮನೆಯವರು ಮಾತ್ರ ಜಿಮ್ನಿಯ ಬೆಲೆಯ ಪಕ್ಕದಲ್ಲಿ ಜೀಪಿನ ಬೆಲೆ, ರಿಪೇರಿ, ಜೊತೆಗೆ ಆ ಎರಡನೇ ವಾಹನದ ಬೆಲೆಯನ್ನೂ ಬರೆದು ಕೂಡಿಸಬೇಕು.